ಫೋಟೊದಲ್ಲಿ ಕಾಲು ಕತ್ತರಿಸುವವರು

ಸುಲ್ತಾನ್‌ಪೇಟೆಗೆ ನಾವು ಹೋದದ್ದು ನಮ್ಮ ಬ್ಯಾಚಿನ ಗೆಳತಿಯ ಲಗ್ನಪತ್ರಿಕೆ ಮಾಡಿಸಲು. ನಮ್ಮ ಜೊತೆ ಅವಳೂ ಬಂದಿದ್ದಳು. ತುಮಕೂರು ಕಡೆಯ ಹುಡುಗಿ. ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಬಲಗಾಲು ಸಣ್ಣಗಾಗಿದೆ, ಕ್ಯಾಲಿಪರ್ ಹಾಕಿ ಒಂದು ಊರುಗೋಲಿನಲ್ಲಿ ನಡೆಯುತ್ತಾಳೆ. ನಮಗಿಂತ ಜೋರಾಗಿ ಮಾತಾಡುತ್ತಾಳೆ, ನಮಗಿಂತ ಚೆನ್ನಾಗಿ ಬರೆಯುತ್ತಾಳೆ.

ಬೆಂಗಳೂರಿನ ಹಳೇ ಪೇಟೆ ನೋಡದವರಿಗೆ ಒಂದು ಮಾತು. ಚಿಕ್ಕಪೇಟೆ ಅಂದರೆ ಸೀರೆ, ಅಕ್ಕಿಪೇಟೆ ಅಂದರೆ ಕಾಳುಕಡಿ. ಹಾಗೆಯೇ ಸುಲ್ತಾನ್‌ಪೇಟೆ ಅಂದರೆ ಕಾಗದ, ಪ್ರಿಂಟಿಂಗ್ ಪ್ರೆಸ್ಸು, ಡೈರಿ, ಕ್ಯಾಲೆಂಡರು, ಮದುವೆ ಕಾರ್ಡು. ಊರಿನಲ್ಲಿ ನಿಮ್ಮ ಮನೆಗೆ ಬಂದ ಲಗ್ನಪತ್ರಿಕೆಗಳಲ್ಲಿ ಎಷ್ಟೋ ಇಲ್ಲಿನ ಗಲ್ಲಿಗಳಲ್ಲೇ ಹುಟ್ಟಿರುತ್ತವೆ. ಮೆಜೆಸ್ಟಿಕ್‌ನಿಂದ ಮೆಟ್ರೊದಲ್ಲಿ ಒಂದೇ ಸ್ಟಾಪು, ಚಿಕ್ಕಪೇಟೆ. ನಿಲ್ದಾಣದಲ್ಲಿ ಲಿಫ್ಟ್ ಇದೆ, ಕಣ್ಣು ಕಾಣದವರು ಕಾಲಿನಿಂದ ತಡವಿ ನಡೆಯಲು ಉಬ್ಬು ಹಾಸುಗಲ್ಲಿನ ದಾರಿಯೂ ಇದೆ. ಲಿಫ್ಟಿನಿಂದ ಹೊರಗೆ ಬಂದು ಬೀದಿಗಿಳಿದರೆ ಆ ಸುಖ ಮುಗಿಯಿತು. ಕೈಗಾಡಿ, ಸ್ಕೂಟರು, ಕಾಗದದ ರೀಮು ಹೊತ್ತವರು, ಒಡೆದ ಚಪ್ಪಡಿ. ಒಂದೊಂದು ಅಂಗಡಿಗೂ ಎರಡು ಮೂರು ಮೆಟ್ಟಿಲು. ನಾವು ಸುಮಾರು ಅಂಗಡಿ ಬಿಟ್ಟು ಮುಂದೆ ಹೋಗಿದ್ದು ರೇಟು ಜಾಸ್ತಿ ಅಂತಲ್ಲ, ಮೆಟ್ಟಿಲು ಎತ್ತರ ಅಂತ.

ಕೊನೆಗೆ ಒಂದು ಅಂಗಡಿಯಲ್ಲಿ ಕೂತೆವು. ಗಂಡು ಹೆಣ್ಣು ಇಬ್ಬರೂ ನಿಂತಿರುವ ಪೂರ್ತಿ ಫೋಟೊ ಕಾರ್ಡಿನ ಒಳಪುಟದಲ್ಲಿ ಬರಬೇಕೆಂದು ಅವಳ ಆಸೆ. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ ಫೋಟೊ ತೆರೆದ, ಒಂದು ಕ್ಷಣ ನೋಡಿದ, ಮೌಸ್ ಎಳೆದ. ಫೋಟೊ ಸೊಂಟದಿಂದ ಮೇಲಕ್ಕೆ ಬಂತು. ಕ್ಯಾಲಿಪರೂ ಇಲ್ಲ, ಊರುಗೋಲೂ ಇಲ್ಲ.

"ಇಲ್ಲಿಗೆ ಕಟ್ ಮಾಡ್ತೀನಿ ಅಕ್ಕ, ನೀಟಾಗಿ ಬರುತ್ತೆ," ಅಂದ.

ಅವನ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಉಪಕಾರ ಮಾಡುತ್ತಿದ್ದೇನೆ ಎಂದೇ ಅವನು ತಿಳಿದಿದ್ದ. ನಾಚಿಕೆಯ ವಿಷಯ ಬೇರೆ ಇದೆ: ನಾವು ಮೂವರೂ ಸುಮ್ಮನಿದ್ದೆವು. ನಮ್ಮಲ್ಲೊಬ್ಬರು ತಲೆಯಾಡಿಸಿಯೂ ಬಿಟ್ಟಿದ್ದರು. ಅವಳೇ ಹೇಳಿದಳು, "ಕಟ್ ಮಾಡ್ಬೇಡಪ್ಪ. ಮದುವೆ ಆಗ್ತಿರೋದು ಅರ್ಧ ಹುಡುಗಿ ಅಲ್ಲ."

ಈ ಬರಹ ಹುಟ್ಟಿದ್ದು ಆ ಅಂಗಡಿಯಲ್ಲಿ. ಫೋಟೊದಲ್ಲಿ ಯಾರ ಮೈ ಇರಬಹುದು, ಯಾರದ್ದು ಇರಬಾರದು ಎಂದು ಯಾವಾಗ ಯಾರು ತೀರ್ಮಾನ ಮಾಡಿದರು? ನಮ್ಮ ನಾಡಿನಲ್ಲಿ ಗಾಲಿಕುರ್ಚಿಯಲ್ಲಿ ಕೂತು ಮಾಡೆಲ್ ಆದವರಿದ್ದಾರೆ. ಅವರಿಗಿಂತ ಹಿಂದೆ ಏನಿತ್ತು ಎಂದು ಹುಡುಕುತ್ತಾ ಹೋದೆವು. ನಾವು ನೆನೆಸಿದ್ದಕ್ಕಿಂತ ಹಿಂದಕ್ಕೆ ಹೋಗಬೇಕಾಯಿತು.

ಮೊದಲ ಚಿತ್ರ ಮೈಸೂರಿನದು, 1805ರ ಹೊತ್ತಿನದು. ಬರೆದವನು ಥಾಮಸ್ ಹಿಕ್ಕಿ ಎಂಬ ಐರಿಷ್ ಕಲಾವಿದ. ಮೂವರು ಹೆಂಗಸರು, ಮೈತುಂಬ ಒಡವೆ. ಬಹಳ ಕಾಲ ಇದನ್ನು ನರ್ತಕಿಯರ ಚಿತ್ರ ಎಂದೇ ತಿಳಿದಿದ್ದರು. ಇತಿಹಾಸಕಾರ ನೈಜೆಲ್ ಚಾನ್ಸಲರ್ ಬೇರೆ ಮಾತು ಹೇಳಿದರು: ಇವರು ಮೈಸೂರು ಅರಮನೆಯ ರಾಣಿಯರು, ನಡುವೆ ಇರುವವರು ಲಕ್ಷ್ಮಮ್ಮಣ್ಣಿ, ಅಕ್ಕಪಕ್ಕ ಮುಮ್ಮಡಿ ಕೃಷ್ಣರಾಜ ಒಡೆಯರ ಇಬ್ಬರು ಪತ್ನಿಯರು. ಬಲಗಡೆಯ ಎಳೆಯ ರಾಣಿ ಸೆರಗು ಸರಿಸಿ ತೋಳು ತೋರಿಸುತ್ತಿದ್ದಾಳೆ. ಅದು ಸಿಡುಬಿನ ಲಸಿಕೆ ಹಾಕಿದ ಜಾಗ. ಎಡಗಡೆಯ ರಾಣಿಯ ಮೂಗು ಬಾಯಿಯ ಸುತ್ತ ಚರ್ಮದ ಬಣ್ಣ ಮಾಸಿದೆ. ಅದು ಲಸಿಕೆ ಬರುವುದಕ್ಕೆ ಮುಂಚಿನ ಹಳೇ ಪದ್ಧತಿಯ ಗುರುತು. ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿಗೆ ಊದುತ್ತಿದ್ದ ಕಾಲವದು.

ಎಡ್ವರ್ಡ್ ಜೆನ್ನರ್ ಗೋಬಿನ ಸಿಡುಬಿನಿಂದ ಲಸಿಕೆ ಮಾಡಿದ್ದು 1796ರಲ್ಲಿ. ಭಾರತದಲ್ಲಿ ಮೊದಲ ಲಸಿಕೆ ಬಿದ್ದದ್ದು 1802ರ ಜೂನ್ 14ರಂದು, ಮುಂಬೈಯಲ್ಲಿ, ಮೂರು ವರ್ಷದ ಒಂದು ಹೆಣ್ಣುಮಗುವಿಗೆ. ಜನ ಹೆದರುತ್ತಿದ್ದರು. ರಾಣಿಯೇ ಹಾಕಿಸಿಕೊಂಡಿದ್ದಾಳೆ ಎಂದು ತೋರಿಸಿದರೆ ಹೆದರಿಕೆ ಹೋದೀತು ಎಂಬ ಲೆಕ್ಕ. ಚಾನ್ಸಲರ್ ಹೇಳಿದ್ದು ಸರಿಯಾದರೆ ಇದು ಜಾಹೀರಾತು. ಆ ರಾಣಿಯರು ಈ ನಾಡಿನ ಮೊದಮೊದಲ ಮಾಡೆಲ್‌ಗಳು. ನಮಗೆ ಮುಖ್ಯವಾಗಿ ಕಂಡದ್ದು ಎಡಗಡೆಯ ರಾಣಿ. ಹಿಕ್ಕಿ ಆಕೆಯ ಮುಖದ ಕಲೆಯನ್ನು ಬಣ್ಣದಲ್ಲಿ ಮುಚ್ಚಲಿಲ್ಲ. ಆ ಚಿತ್ರಕ್ಕೆ ಆ ಕಲೆ ಬೇಕಾಗಿತ್ತು.

ಇದಾದ ಮೇಲೆ ಬಂದದ್ದು ಅಚ್ಚಿನ ಕಾಲ. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ಸು ಹಾಕಿದ. ಲಕ್ಷ್ಮಿ, ಸರಸ್ವತಿ, ಶಕುಂತಲೆ, ದಮಯಂತಿ ಬಣ್ಣದಲ್ಲಿ ಅಚ್ಚಾಗಿ ಊರೂರಿಗೆ ಬಂದರು. ಗುಡಿಗೆ ಹೋಗಲು ಬಿಡದಿದ್ದವರ ಮನೆಗೂ ದೇವರು ಬಂದ, ಅದು ಸಣ್ಣ ಮಾತಲ್ಲ. ಆದರೆ ಅದರ ಜೊತೆಗೆ ಒಂದು ಮೈಕಟ್ಟೂ ಬಂತು. ದುಂಡು ತೋಳು, ತಿದ್ದಿದ ಮೂಗು, ಬಿಳಿ ಚರ್ಮ, ಎಲ್ಲ ಅಂಗವೂ ಅಚ್ಚುಕಟ್ಟು. 'ಸರ್ವಾಂಗಸುಂದರಿ' ಎಂಬ ಮಾತು ನಮ್ಮಲ್ಲಿ ಮೊದಲೇ ಇತ್ತು. ಅದಕ್ಕೆ ಗೋಡೆಯ ಮೇಲೆ ಒಂದು ಫೋಟೊ ಸಿಕ್ಕಿತು. ಆ ಮೇಲಿನ ಕ್ಯಾಲೆಂಡರು, ಸೋಪಿನ ಹೊದಿಕೆ, ಸೀರೆ ಡಬ್ಬಿ, ಊದುಬತ್ತಿ ಪೊಟ್ಟಣ ಎಲ್ಲದರ ಮೇಲೂ ಆ ಹೆಂಗಸಿನ ಮಕ್ಕಳು ಮೊಮ್ಮಕ್ಕಳೇ.

ಊನವಾದ ಮೂರ್ತಿಗೆ ಪೂಜೆ ಇಲ್ಲ ಅನ್ನುವುದು ನಮ್ಮ ಹಳೇ ಕಟ್ಟಳೆ. ಹಂಪಿಯ ಉಗ್ರನರಸಿಂಹನನ್ನು ನೋಡಿ. 1528ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದದ್ದು. ಕೈಗಳು ಮುರಿದಿವೆ, ತೊಡೆಯ ಮೇಲೆ ಕೂತಿದ್ದ ಲಕ್ಷ್ಮಿ ಇಲ್ಲ. ಪಕ್ಕದಲ್ಲೇ ಇರುವ ಬಡವಿಲಿಂಗಕ್ಕೆ ಪೂಜೆ ನಡೆಯುತ್ತದೆ, ನರಸಿಂಹನಿಗೆ ಇಲ್ಲ. ಆದರೆ ಕರ್ನಾಟಕದ ಪ್ರವಾಸದ ಪೋಸ್ಟರು, ಪುಸ್ತಕದ ಮುಖಪುಟ, ಕ್ಯಾಲೆಂಡರು ಬಂದಾಗ ಯಾರನ್ನು ಹಾಕುತ್ತಾರೆ? ಕೈ ಮುರಿದ ನರಸಿಂಹನನ್ನೇ. ಪೂಜೆಗೆ ಬಾರದವನು ಫೋಟೊಗೆ ಬಂದ. ಮುರಿದ ಕೈಯ ಕಡೆ ಯಾರೂ ಬೆರಳು ತೋರಿಸುವುದಿಲ್ಲ, ಕಣ್ಣನ್ನೇ ನೋಡುತ್ತಾರೆ.

ಊನವಾದ ಮೈಯ ಮನುಷ್ಯರೂ ನಮ್ಮ ಗೋಡೆಗಳ ಮೇಲೆ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಗದಗ ಕಡೆಯ ಮನೆ, ಹೋಟೆಲು, ಗಿರಣಿಗಳಲ್ಲಿ ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳ ಫೋಟೊ ತೂಗಾಡುತ್ತಿರುತ್ತದೆ. ಇಬ್ಬರೂ ಕಣ್ಣು ಕಾಣದವರು. ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಬದುಕು ಕೊಟ್ಟ ಪರಂಪರೆ ಅವರದು. ಪುಟ್ಟರಾಜ ಗವಾಯಿಗಳಿಗೆ 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಅವರ ಫೋಟೊಗೆ ನಾವು ಕೈ ಮುಗಿಯುತ್ತೇವೆ. ಅಂದರೆ ದಾರಿ ಒಂದು ಇತ್ತು, ಗುರುವಾಗಬೇಕು, ಸಂತನಾಗಬೇಕು.

ಇನ್ನೊಂದು ದಾರಿ ಎಚ್ಚರಿಕೆಯ ಬೋರ್ಡು. ಅಮೆರಿಕದಲ್ಲಿ 1938ರಲ್ಲಿ ಪೋಲಿಯೊ ವಿರುದ್ಧದ ಸಂಸ್ಥೆ ಹುಟ್ಟಿದ ಮೇಲೆ ಕ್ಯಾಲಿಪರ್ ಹಾಕಿದ ಮಕ್ಕಳ ಫೋಟೊ ಹಾಕಿ ಚಂದಾ ಎತ್ತಿದರು. ಅಲ್ಲಿಂದಲೇ 'ಪೋಸ್ಟರ್ ಚೈಲ್ಡ್' ಎಂಬ ಮಾತು ಚಾಲ್ತಿಗೆ ಬಂತು. ನಮ್ಮಲ್ಲಿ 1995ರಲ್ಲಿ ಪಲ್ಸ್ ಪೋಲಿಯೊ ಶುರುವಾಯಿತು. ಆ ಕೆಲಸ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. 2011ರ ಜನವರಿಯ ನಂತರ ದೇಶದಲ್ಲಿ ಕಾಡು ವೈರಸ್ಸಿನ ಪೋಲಿಯೊ ಕಂಡಿಲ್ಲ, 2014ರ ಮಾರ್ಚ್ 27ರಂದು ಭಾರತ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಬಂತು. ಆದರೆ ಹನಿ ಹಾಕಿಸದಿದ್ದರೆ 'ಹೀಗಾಗುತ್ತೆ' ಎಂದು ಗೋಡೆಯ ಚಿತ್ರ ತೋರಿಸಿ ಹೇಳಿದಾಗ, ಆ 'ಹೀಗೆ' ಆದ ಮಗು ಅದೇ ಶಾಲೆಯ ಮೂರನೇ ಬೆಂಚಿನಲ್ಲಿ ಕೂತಿರುತ್ತಿತ್ತು. ನಮ್ಮ ಗೆಳತಿ ಕೂತಿದ್ದಳು.

ಅವಳು ಹೇಳಿದ ಒಂದು ಕಥೆ ಇಲ್ಲಿ ಬರೆಯಲೇಬೇಕು. ಹದಿನೆಂಟು ತುಂಬಿದ ವರ್ಷ ಅವಳ ತಂದೆ ಅವಳನ್ನು ಹೋಬಳಿಯ ಸ್ಟುಡಿಯೊಗೆ ಕರೆದುಕೊಂಡು ಹೋದರು. ಒಂದೇ ದಿನ ಎರಡು ಫೋಟೊ. ಒಂದು ಅಂಗವಿಕಲ ವೇತನದ ಅರ್ಜಿಗೆ. ಅದಕ್ಕೆ ಕ್ಯಾಲಿಪರ್ ಬಿಚ್ಚಿಸಿ, ಲಂಗ ಮೇಲಕ್ಕೆತ್ತಿಸಿ, ಸಣ್ಣಗಾದ ಕಾಲು ಚೆನ್ನಾಗಿ ಕಾಣುವ ಹಾಗೆ ನಿಲ್ಲಿಸಿದರು. ಇನ್ನೊಂದು ಗಂಡಿನ ಕಡೆಯವರಿಗೆ ಕಳಿಸಲು. ಅದಕ್ಕೆ ಸೀರೆ ಉಡಿಸಿ ಸ್ಟೂಲಿನ ಮೇಲೆ ಕೂರಿಸಿ, ಮುಂದೆ ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟರು. "ಅದೇ ಸ್ಟುಡಿಯೊ, ಅದೇ ಲೈಟು, ಅದೇ ಕಾಲು. ಒಂದ್ ಫೋಟೊಗೆ ಕಾಲೇ ಬೇಕು, ಇನ್ನೊಂದಕ್ಕೆ ಕಾಲೇ ಬ್ಯಾಡ," ಅಂದಳು. ಅವಳು ನಗುತ್ತಲೇ ಹೇಳಿದಳು, ನಮಗೆ ನಗು ಬರಲಿಲ್ಲ.

ಈಗ ಕಾನೂನಿನ ನಮೂನೆ ಬದಲಾಗಿದೆ. ಪ್ರಮಾಣಪತ್ರಕ್ಕೆ ಮುಖ ಮಾತ್ರ ಕಾಣುವ ಪಾಸ್‌ಪೋರ್ಟ್ ಅಳತೆಯ ಫೋಟೊ ಸಾಕು ಎಂದು ನಮೂನೆಯಲ್ಲೇ ಬರೆದಿದೆ. ಯಾರಾದರೂ ನಿಮ್ಮ ಮನೆಯವರ ಕೈ ಕಾಲು ಕಾಣುವ ಫೋಟೊ ತನ್ನಿ ಎಂದರೆ ಪಂಚಾಯಿತಿಯ ವಿ.ಆರ್.ಡಬ್ಲ್ಯೂ ಅವರನ್ನು ಕೇಳಿ, ನಮೂನೆ ತೋರಿಸಿ.

ಕಾನೂನಿನ ಮಾತು ಬಂದದ್ದರಿಂದ 1996ಕ್ಕೆ ಬರೋಣ. ಆ ವರ್ಷ ಎರಡು ಸಂಗತಿ ನಡೆದವು. ಅಂಗವಿಕಲರ ಹಕ್ಕುಗಳಿಗಾಗಿ ದೇಶದಲ್ಲಿ ಮೊದಲ ಸಮಗ್ರ ಕಾಯ್ದೆ 1995ರ ಕೊನೆಯಲ್ಲಿ ಸಂಸತ್ತಿನಲ್ಲಿ ಪಾಸಾಗಿ, 1996ರ ಫೆಬ್ರುವರಿ 7ರಂದು ಜಾರಿಗೆ ಬಂತು. ಅದರ ಸುದ್ದಿ ಊರಿನಲ್ಲಿ ಯಾರಿಗೂ ನೆನಪಿಲ್ಲ. ಇನ್ನೊಂದು ಎಲ್ಲರಿಗೂ ನೆನಪಿದೆ. ನವೆಂಬರ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆಯಿತು. ಅಮಿತಾಭ್ ಬಚ್ಚನ್ ಅವರ ಕಂಪನಿ ನಡೆಸಿದ್ದು, ಗ್ರೀಸ್ ದೇಶದ ಹುಡುಗಿ ಗೆದ್ದದ್ದು. ರೈತ ಸಂಘದವರು, ಮಹಿಳಾ ಸಂಘಟನೆಗಳು ಬೀದಿಗಿಳಿದವು, ಊರು ತುಂಬ ಪೊಲೀಸರು. ಈಜುಡುಗೆ ಸುತ್ತನ್ನು ಸೇಷಲ್ಸ್ ದ್ವೀಪಕ್ಕೆ ಸಾಗಿಸಬೇಕಾಯಿತು. ಹೆಣ್ಣಿನ ಮೈಯನ್ನು ಸಾಮಾನಿನಂತೆ ನಿಲ್ಲಿಸಬೇಡಿ ಅಂದವರ ಮಾತಿನಲ್ಲಿ ತೂಕವಿತ್ತು, ಅದು ಇವತ್ತಿಗೂ ಇದೆ. ಆದರೆ ಸ್ಟೇಡಿಯಂ ಒಳಗೆ ಅಳತೆಪಟ್ಟಿ ಹಿಡಿದವರಿಗೂ ಹೊರಗೆ ಧಿಕ್ಕಾರ ಕೂಗಿದವರಿಗೂ ಹೆಣ್ಣು ಅಂದರೆ ಎರಡು ಕಾಲ ಮೇಲೆ ನಿಂತಿರುವ ಹೆಣ್ಣೇ.

ಅಂಗವೈಕಲ್ಯ ಇರುವವರು ಅಷ್ಟರಲ್ಲಿ ಬೆಂಗಳೂರಿನಲ್ಲಿ ಸುಮ್ಮನೆ ಕೂತಿರಲಿಲ್ಲ. ಪೋಲಿಯೊ ಆಗಿದ್ದ ಎನ್.ಎಸ್. ಹೇಮಾ ಅವರು 1959ರಲ್ಲೇ ಎ.ಪಿ.ಡಿ. ಸಂಸ್ಥೆ ಕಟ್ಟಿದ್ದರು. ಕೋಟದ ಮೂಲದ ಮಾಲತಿ ಹೊಳ್ಳ ಗಾಲಿಕುರ್ಚಿಯಲ್ಲಿ ಓಡಿ, ಗುಂಡು ಎಸೆದು ಪದಕಗಳ ರಾಶಿ ಹಾಕಿದ್ದರು, ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ ಪಡೆದರು. ಕ್ರೀಡೆ, ಸಮಾಜಸೇವೆ, ಸಂಗೀತ ಈ ಮೂರು ಬಾಗಿಲು ತೆರೆದಿದ್ದವು. 'ಚೆಂದ' ಅನ್ನುವ ಬಾಗಿಲು ಮಾತ್ರ ಹಾಕಿಯೇ ಇತ್ತು.

ಅದನ್ನು ಮೊದಲು ಅಲ್ಲಾಡಿಸಿದವರಲ್ಲಿ ಸುಧಾ ಚಂದ್ರನ್ ಒಬ್ಬರು. 1981ರಲ್ಲಿ ತಮಿಳುನಾಡಿನಲ್ಲಿ ಬಸ್ ಅಪಘಾತವಾಗಿ ಕಾಲು ಕಳೆದುಕೊಂಡ ಭರತನಾಟ್ಯದ ಹುಡುಗಿ. ಜೈಪುರ ಕಾಲು ಹಾಕಿಕೊಂಡು ಮತ್ತೆ ಕುಣಿದರು. 1985ರಲ್ಲಿ ಬಂದ ತೆಲುಗಿನ 'ಮಯೂರಿ' ಸಿನಿಮಾದಲ್ಲಿ ತಮ್ಮದೇ ಕಥೆಗೆ ತಾವೇ ಬಣ್ಣ ಹಚ್ಚಿದರು. ಜೈಪುರ ಕಾಲಿನ ಬಗ್ಗೆ ಎರಡು ಮಾತು ಹೇಳಬೇಕು, ಹಳ್ಳಿಯವರಿಗೆ ಅದರ ಬೆಲೆ ಗೊತ್ತಾಗುತ್ತದೆ. 1968ರ ಸುಮಾರಿಗೆ ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿ ಮತ್ತು ಡಾಕ್ಟರ್ ಪಿ.ಕೆ. ಸೇಠಿ ಸೇರಿ ಮಾಡಿದ್ದು. ವಿದೇಶದ ಕೃತಕ ಕಾಲಿಗೆ ಬೂಟು ಬೇಕು. ಇದರಲ್ಲಿ ಬರಿಗಾಲಲ್ಲಿ ನಡೆಯಬಹುದು, ಕುಕ್ಕರಗಾಲಲ್ಲಿ ಕೂರಬಹುದು, ಕೆಸರು ಗದ್ದೆಗೆ ಇಳಿಯಬಹುದು. ಗದ್ದೆಗೆಂದು ಮಾಡಿದ ಕಾಲು ರಂಗಕ್ಕೆ ಬಂತು.

ಇದಕ್ಕೆ ಪೂರ್ತಿ ಎದುರಾದದ್ದು ಲಂಡನ್ನಿನಲ್ಲಿ 1998ರ ಸೆಪ್ಟೆಂಬರಿನಲ್ಲಿ ನಡೆಯಿತು. ಅಮೆರಿಕದ ಓಟಗಾರ್ತಿ ಏಮೀ ಮುಲಿನ್ಸ್‌ಗೆ ಹುಟ್ಟಿದಾಗಲೇ ಕಾಲಿನ ಒಂದು ಮೂಳೆ ಇರಲಿಲ್ಲ, ಒಂದು ವರ್ಷದ ಮಗುವಾಗಿದ್ದಾಗ ಎರಡೂ ಕಾಲನ್ನು ಮೊಣಕಾಲ ಕೆಳಗೆ ತೆಗೆದಿದ್ದರು. ಬಟ್ಟೆ ವಿನ್ಯಾಸಕಾರ ಅಲೆಕ್ಸಾಂಡರ್ ಮೆಕ್‌ಕ್ವೀನ್ ಆಕೆಗಾಗಿ ಮರದಲ್ಲಿ ಹೂಬಳ್ಳಿ ಕೆತ್ತಿಸಿದ ಎರಡು ಕಾಲು ಮಾಡಿಸಿ ತನ್ನ ಫ್ಯಾಷನ್ ಷೋದಲ್ಲಿ ನಡೆಸಿದ. ನೋಡಿದವರು ಅದನ್ನು ಬೂಟು ಎಂದೇ ತಿಳಿದರು. ಕೃತಕ ಕಾಲು ನಿಜವಾದ ಕಾಲಿನಂತೆ ಕಾಣಬೇಕು ಎಂದು ಅಲ್ಲಿಯವರೆಗೆ ಎಲ್ಲರೂ ಒದ್ದಾಡುತ್ತಿದ್ದರು. ಹಾಗೆ ಕಾಣಲೇಬೇಕೆಂದಿಲ್ಲ ಎಂದು ಆ ಮರದ ಕಾಲು ಹೇಳಿತು.

ಈಗ ನಮ್ಮ ಬೆಂಗಳೂರಿಗೆ ಬರೋಣ.

ಡಾಕ್ಟರ್ ಎಸ್.ಜೆ. ರಾಜಲಕ್ಷ್ಮಿ ಹಲ್ಲಿನ ವೈದ್ಯೆ. 2007ರಲ್ಲಿ ಚೆನ್ನೈಗೆ ಹೋಗುವ ದಾರಿಯಲ್ಲಿ ಕಾರು ಅಪಘಾತವಾಗಿ ಬೆನ್ನುಹುರಿಗೆ ಪೆಟ್ಟು ಬಿತ್ತು, ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಆಗಷ್ಟೇ ಬಿ.ಡಿ.ಎಸ್. ಮುಗಿಸುತ್ತಿದ್ದ ವಯಸ್ಸು. ಅವರು ಗಾಲಿಕುರ್ಚಿಯಲ್ಲೇ ಮುಂದೆ ಓದಿ ವಕ್ರದಂತ ಸರಿಪಡಿಸುವ ವಿಭಾಗದಲ್ಲಿ ತಜ್ಞೆಯಾದರು. 2014ರಲ್ಲಿ 'ಮಿಸ್ ವೀಲ್‌ಚೇರ್ ಇಂಡಿಯಾ' ಕಿರೀಟ ಗೆದ್ದರು. 2017ರ ಅಕ್ಟೋಬರ್ 7ರಂದು ಪೋಲೆಂಡ್ ದೇಶದ ವಾರ್ಸಾದಲ್ಲಿ ಮೊದಲ 'ಮಿಸ್ ವೀಲ್‌ಚೇರ್ ವರ್ಲ್ಡ್' ನಡೆದಾಗ ಅಲ್ಲಿಗೂ ಹೋದರು. 19 ದೇಶಗಳ 24 ಜನ ಸ್ಪರ್ಧಿಸಿದ್ದರು. ಬೆಲಾರುಸ್‌ನ ಅಲೆಕ್ಸಾಂಡ್ರಾ ಚಿಚಿಕೋವಾ ಗೆದ್ದರು, ನಮ್ಮ ರಾಜಲಕ್ಷ್ಮಿಗೆ 'ಮಿಸ್ ಪಾಪ್ಯುಲಾರಿಟಿ' ಪಟ್ಟ ಬಂತು.

ಇದನ್ನು ಓದಿ ಕೆಲವರು ಕೇಳಬಹುದು: 1996ರಲ್ಲಿ ಬೇಡ ಅಂದ ಸ್ಪರ್ಧೆಯನ್ನೇ ಗಾಲಿಕುರ್ಚಿಯ ಮೇಲೆ ಕೂರಿಸಿದರೆ ಒಳ್ಳೆಯದಾಯಿತೇ? ನಮ್ಮ ಬಳಗದಲ್ಲೇ ಇದರ ಬಗ್ಗೆ ಜಗಳವಾಗಿದೆ. ಒಬ್ಬರು, ಕಿರೀಟ ಅಂದಮೇಲೆ ಅಳತೆ ಬಂದೇ ಬರುತ್ತೆ, ಅಳತೆಗೆ ಸಿಗದವರು ಮತ್ತೆ ಹೊರಗೇ ಅಂದರು. ಅದು ನಿಜ. ಅಮೆರಿಕದಲ್ಲಿ 1972ರಿಂದ ನಡೆಯುತ್ತಿರುವ ಗಾಲಿಕುರ್ಚಿಯ ಸ್ಪರ್ಧೆಯಲ್ಲಿ ಮುಖ ನೋಡುವುದಿಲ್ಲ, ತಮ್ಮವರ ಪರವಾಗಿ ಯಾರು ಚೆನ್ನಾಗಿ ಮಾತಾಡುತ್ತಾರೆ ಎಂದು ನೋಡುತ್ತಾರೆ. ಅದೂ ಒಂದು ದಾರಿ. ಆದರೆ ನಮ್ಮ ಗೆಳತಿಯ ಮಾತು ಬೇರೆ: "ಸ್ಪರ್ಧೆ ಬ್ಯಾಡ ಅನ್ನೋ ಹಕ್ಕು, ಸ್ಪರ್ಧೆಗೆ ಕರೆಸಿಕೊಂಡವರಿಗೆ ಇರತ್ತೆ. ನಮ್ಮನ್ನ ಯಾರೂ ಕರ್ದೇ ಇರ್ಲಿಲ್ಲ." ನಾವು ಈಗ ಅವಳ ಕಡೆ.

ಗಾಲಿಕುರ್ಚಿಯಲ್ಲಿ ಕೂತು ಮಾಡೆಲ್ ಆಗುವುದು ಹೇಗೆ ಎಂದು ಯೋಚಿಸಿ ನೋಡಿ. ಬೆನ್ನುಹುರಿಗೆ ಪೆಟ್ಟಾದವರಿಗೆ ಕೆಳಗಿನ ಮೈಯಲ್ಲಿ ಸ್ಪರ್ಶ ತಿಳಿಯುವುದಿಲ್ಲ. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಕೂತರೆ ಚರ್ಮ ಒಳಗೊಳಗೇ ಹುಣ್ಣಾಗುತ್ತದೆ, ನೋವೇ ಗೊತ್ತಾಗುವುದಿಲ್ಲ. ಆಗಾಗ ಕೈಯೂರಿ ಮೈ ಎತ್ತಿ ಭಾರ ಬದಲಿಸಲೇಬೇಕು. ಫೋಟೊ ತೆಗೆಯುವವರು 'ಅಲ್ಲಾಡಬೇಡಿ' ಅನ್ನುತ್ತಿರುತ್ತಾರೆ. ಮೇಕಪ್ಪಿಗೆ ಒಂದು ಮಹಡಿ, ಬಟ್ಟೆ ಬದಲಿಸಲು ಇನ್ನೊಂದು, ಕುರ್ಚಿ ಹೋಗುವಷ್ಟು ಅಗಲದ ಶೌಚಾಲಯ ಎಲ್ಲೂ ಇಲ್ಲ. ಹಾಗಾಗಿ ನೀರು ಕುಡಿಯದೆ ದಿನ ಕಳೆಯುತ್ತಾರೆ, ಅದರಿಂದ ಮೂತ್ರದ ಸೋಂಕು. ಇಷ್ಟು ಕಷ್ಟ ಕಿರೀಟದ ಫೋಟೊದಲ್ಲಿ ಕಾಣುವುದಿಲ್ಲ.

ಸೀರೆಯ ವಿಷಯವೂ ಇದೆ. ಐದೂವರೆ ಮೀಟರಿನ ಬಟ್ಟೆ ನಿಂತವರಿಗೆ ಲೆಕ್ಕ ಹಾಕಿದ್ದು. ಕೂತವರ ಹೊಟ್ಟೆಯ ಮೇಲೆ ನೆರಿಗೆ ಗುಡ್ಡೆಯಾಗುತ್ತದೆ, ಸೆರಗು ಗಾಲಿಗೆ ಸಿಕ್ಕಿಕೊಳ್ಳುತ್ತದೆ. ನೆರಿಗೆಯನ್ನು ಮೊದಲೇ ಹೊಲಿದು, ಸೆರಗನ್ನು ಮೊಟಕು ಮಾಡಿ ಪಿನ್ನು ಹಾಕಬೇಕು. ಪ್ಯಾಂಟಾದರೆ ಹಿಂದೆ ಎತ್ತರ ಮುಂದೆ ಗಿಡ್ಡ ಇರಬೇಕು, ಹಿಂದಿನ ಜೇಬಿನ ದಪ್ಪ ಹೊಲಿಗೆ ಚರ್ಮಕ್ಕೆ ಒತ್ತುವುದರಿಂದ ಜೇಬೇ ಇರಬಾರದು. ಇಂಥ ಬಟ್ಟೆ ಹೊಲಿಯುವುದು ಊರಿನ ಟೈಲರ್‌ಗೂ ಸಾಧ್ಯ, ಯಾರೂ ಕೇಳಿಲ್ಲ ಅಷ್ಟೆ. ಕ್ಯಾಮೆರಾ ಕೂಡ ಬಗ್ಗಬೇಕು. ನಿಂತವರ ಕಣ್ಣಿನ ಎತ್ತರದಿಂದ ತೆಗೆದರೆ ಕೂತವರು ಭಿಕ್ಷೆ ಕೇಳುವವರಂತೆ ಕಾಣುತ್ತಾರೆ. ಫೋಟೊಗ್ರಾಫರ್ ಮೊಣಕಾಲೂರಿ ಕೂತು ತೆಗೆದರೆ ಅದೇ ಮನುಷ್ಯರು ನಮ್ಮ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ. ಮೊಬೈಲಿನಲ್ಲೇ ಮಾಡಿ ನೋಡಿ.

ರ‍್ಯಾಂಪ್ ಅನ್ನುವ ಪದದ ತಮಾಷೆ ನೋಡಿ. ಮಾಡೆಲ್‌ಗಳು ನಡೆಯುವ ಉದ್ದನೆಯ ಕಟ್ಟೆಗೂ ರ‍್ಯಾಂಪ್ ಅನ್ನುತ್ತೇವೆ, ಗಾಲಿಕುರ್ಚಿ ಹತ್ತುವ ಇಳಿಜಾರಿಗೂ ರ‍್ಯಾಂಪ್ ಅನ್ನುತ್ತೇವೆ. ಎರಡನೆಯದಕ್ಕೆ ಲೆಕ್ಕ ಇದೆ, ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಮೊದಲನೆಯ ರ‍್ಯಾಂಪಿಗೆ ಹತ್ತಲು ಎರಡನೆಯ ರ‍್ಯಾಂಪೇ ಇರುವುದಿಲ್ಲ, ಮೆಟ್ಟಿಲಿರುತ್ತದೆ.

ಇದರಿಂದ ಹೊಟ್ಟೆ ತುಂಬುತ್ತದೆಯೇ? ರಾಜಲಕ್ಷ್ಮಿ ಅವರಿಗೆ ಹಲ್ಲಿನ ವೈದ್ಯವೃತ್ತಿ ಇದೆ. ವೃತ್ತಿಯ ಗಟ್ಟಿ ನೆಲದ ಮೇಲೆ ನಿಂತು ಅವರು ಇದನ್ನು ಮಾಡಿದರು. ಮಾಡೆಲಿಂಗೇ ಕಸುಬಾದ ಉದಾಹರಣೆ ಬೇಕಾದರೆ ಹೊರಗೆ ನೋಡಬೇಕು. ಸ್ನಾಯು ಸವೆಯುವ ಕಾಯಿಲೆಯಿರುವ ಜಿಲಿಯನ್ ಮರ್ಕಾಡೊ 2014ರಲ್ಲಿ ಡೀಸೆಲ್ ಜೀನ್ಸ್ ಜಾಹೀರಾತಿನಲ್ಲಿ ಬಂದರು, ಮರುವರ್ಷ ದೊಡ್ಡ ಮಾಡೆಲ್ ಏಜೆನ್ಸಿಯೊಂದು ಅವರನ್ನು ಸೇರಿಸಿಕೊಂಡಿತು. ಸೆರೆಬ್ರಲ್ ಪಾಲ್ಸಿ ಇರುವ ಆರನ್ ರೋಸ್ ಫಿಲಿಪ್ 2018ರಲ್ಲಿ ಇನ್ನೊಂದು ದೊಡ್ಡ ಏಜೆನ್ಸಿ ಸೇರಿದರು. ನಮ್ಮಲ್ಲಿ ಸೀರೆ ಅಂಗಡಿಗಳ ಫ್ಲೆಕ್ಸು ಊರ ಬಾಗಿಲಲ್ಲೇ ನಿಲ್ಲುತ್ತವೆ, ಒಂದರಲ್ಲೂ ಊರುಗೋಲು ಹಿಡಿದ ಹೆಂಗಸನ್ನು ನಾವು ಕಂಡಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲೇ 13 ಲಕ್ಷಕ್ಕಿಂತ ಹೆಚ್ಚು ಅಂಗವಿಕಲರ ಲೆಕ್ಕ ಸಿಕ್ಕಿದೆ. ಅವರೂ ಸೀರೆ ಉಡುತ್ತಾರೆ, ಷರ್ಟು ಕೊಳ್ಳುತ್ತಾರೆ.

ಸುಲ್ತಾನ್‌ಪೇಟೆಗೆ ಹೋದ ದಿನ ಚಿಕ್ಕಪೇಟೆಯ ಸೀರೆ ಅಂಗಡಿ ಗೊಂಬೆಗಳನ್ನು ನೋಡುತ್ತಾ ನಿಂತೆವು. ಒಂದಕ್ಕೆ ತಲೆ ಇಲ್ಲ, ಇನ್ನೊಂದಕ್ಕೆ ಎರಡೂ ಕೈ ಇಲ್ಲ, ಮತ್ತೊಂದು ಸೊಂಟದಿಂದ ಕೆಳಗೆ ಬರೀ ಕಬ್ಬಿಣದ ಕಂಬಿ. ಅದಕ್ಕೆ ರೇಷ್ಮೆ ಸೀರೆ ಉಡಿಸಿ ನಿಲ್ಲಿಸಿದ್ದಾರೆ, ಜನ ಸೆರಗು ಮುಟ್ಟಿ ರೇಟು ಕೇಳುತ್ತಿದ್ದಾರೆ. ಕೈ ಇಲ್ಲದ ಗೊಂಬೆಯಿಂದ ವ್ಯಾಪಾರಕ್ಕೆ ಅಡ್ಡಿ ಇಲ್ಲ. 2013ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಚ್ ನಗರದಲ್ಲಿ ಒಂದು ಸಂಸ್ಥೆ ನಿಜವಾದ ಅಂಗವಿಕಲರ ಮೈಯಳತೆ ತೆಗೆದು ಅದೇ ಆಕಾರದ ಗೊಂಬೆ ಮಾಡಿಸಿ ದೊಡ್ಡ ಬೀದಿಯ ಅಂಗಡಿಗಳ ಗಾಜಿನ ಹಿಂದೆ ನಿಲ್ಲಿಸಿತ್ತು. ದಾರಿಹೋಕರು ನಿಂತು ನಿಂತು ನೋಡಿದರು.

ನಮ್ಮ ದೇಶದ ಕಾನೂನೂ ಅಷ್ಟಷ್ಟೇ ಮುಂದೆ ಬಂದಿದೆ. 2016ರ ಹೊಸ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಗುರುತಿಸಿತು, ಸರ್ಕಾರಿ ಕೆಲಸದಲ್ಲಿ ಶೇಕಡ 4 ಮೀಸಲು ಕೊಟ್ಟಿತು, ಕಲೆ ಮತ್ತು ಮನರಂಜನೆಯಲ್ಲೂ ಪಾಲು ಇರಬೇಕು ಅಂದಿತು. ಸಿನಿಮಾ ಜಾಹೀರಾತುಗಳಲ್ಲಿ ಹೇಗೆ ತೋರಿಸಬೇಕು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಯಿತು. ಒಂದು ಹಿಂದಿ ಸಿನಿಮಾದ ವಿರುದ್ಧ ನಿಪುಣ್ ಮಲ್ಹೋತ್ರಾ ಹಾಕಿದ್ದ ಕೇಸಿನಲ್ಲಿ 2024ರ ಜುಲೈ 8ರಂದು ತೀರ್ಪು ಬಂತು. ಅಂಗವಿಕಲರನ್ನು ಹಾಸ್ಯದ ಸರಕಾಗಿಸುವ, ಕೀಳು ಮಾಡುವ ಮಾತು ಬೇಡ ಎಂದಿತು. ಬರೀ ಕಷ್ಟ ತೋರಿಸಿದರೆ ಸಾಲದು, ಅವರ ಪ್ರತಿಭೆ, ಗೆಲುವು, ಸಮಾಜಕ್ಕೆ ಅವರು ಕೊಟ್ಟದ್ದು ಎಲ್ಲವೂ ಪರದೆಯ ಮೇಲೆ ಬರಬೇಕು ಎಂದೂ ಹೇಳಿತು. ಕುಂಟ, ಕುರುಡ, ಅಂಗವಿಕಲ, ವಿಕಲಚೇತನ, ದಿವ್ಯಾಂಗ ಎಂದು ಹೆಸರು ಬದಲಿಸುತ್ತಲೇ ಬಂದಿದ್ದೇವೆ. ಫೋಟೊ ಬದಲಿಸುವ ಕೆಲಸ ನಿಧಾನವಾಗಿದೆ.

ಪ್ರೆಸ್ಸಿನ ಕಥೆ ಅರ್ಧಕ್ಕೆ ಬಿಟ್ಟಿದ್ದೆವು. ಕಟ್ ಮಾಡಬೇಡ ಅಂದ ಮೇಲೆ ಹುಡುಗ ಪೂರ್ತಿ ಫೋಟೊ ಕೂರಿಸಿದ. ಆದರೆ ಪ್ಲೇಟು ಹಾಕುವ ಮುಂಚೆ ಮನೆಯವರ ಒಪ್ಪಿಗೆ ಬೇಕಲ್ಲ. ಪ್ರೂಫನ್ನು ವಾಟ್ಸಾಪಿನಲ್ಲಿ ಊರಿಗೆ ಕಳಿಸಿದೆವು. ಅವಳ ಅಮ್ಮನ ಬಗ್ಗೆ ನಮಗೆಲ್ಲ ಗೊತ್ತಿತ್ತು, ಆ ಹೂವಿನ ಕುಂಡ ಇಡಿಸಿದ್ದೇ ಅವರು. ನೀಲಿ ಗೀಟು ಬಂತು, ಉತ್ತರ ಬರಲಿಲ್ಲ. ಟೀ ಕುಡಿದೆವು. ಅಂಗಡಿಯ ಯಜಮಾನರು ಎರಡು ಸಲ ಗಡಿಯಾರ ನೋಡಿದರು. ಗೆಳತಿ ಏನೂ ಮಾತಾಡದೆ ಸ್ಯಾಂಪಲ್ ಕಾರ್ಡುಗಳನ್ನು ತಿರುವಿ ಹಾಕುತ್ತಿದ್ದಳು.

ಮುಕ್ಕಾಲು ಗಂಟೆಯ ಮೇಲೆ ಫೋನು ಬಂತು. ಸ್ಪೀಕರ್ ಹಾಕಿದಳು.

"ನಿನ್ ಸೋದರಮಾವನ ಇನಿಷಿಯಲ್ ತಪ್ಪಾಗೈತೆ. ಎಂ ಅಲ್ಲ, ಎನ್. ಸರಿ ಮಾಡ್ಸು, ಇಲ್ದಿದ್ರೆ ಅವ್ನು ಮದ್ವೆಗೇ ಬರಲ್ಲ."

"ಫೋಟೊ, ಅಮ್ಮ?"

"ಫೋಟೊ ಏನು? ಐತಲ್ಲ. ಎನ್ ಅಂತ ಹಾಕ್ಸು ಮೊದ್ಲು."

ಹುಡುಗ ಎಂ ಅಳಿಸಿ ಎನ್ ಹಾಕಿದ. ನಾನೂರು ಕಾರ್ಡಿಗೆ ಅಡ್ವಾನ್ಸ್ ಕೊಟ್ಟು, ಮೆಟ್ಟಿಲು ಇಳಿದು, ಗಾಡಿಗಳ ನಡುವೆ ಮೆಟ್ರೊ ಕಡೆ ನಡೆದೆವು.